ಮೈಕ್ ಆಫ್ ಮಾಡಿಸಿದ ಮೇಲೆ ಹಿಂದಿನ ಸಾಲಿಗೆ ಮಾತು ಮುಟ್ಟಿಸುವುದು ಹೇಗೆ?

ಕೊನೆ ಸ್ಟಾಪ್

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನಮ್ಮೂರಿಗೆ ಬೆಳಿಗ್ಗೆ 7.40ಕ್ಕೆ ಒಂದು ಬಸ್ ಬರುತ್ತಿತ್ತು. ಅದು ನಿಂತು ನಾಲ್ಕು ತಿಂಗಳಾಯಿತು. ಈಗ ಸುತ್ತಮುತ್ತಲ ಮೂರು ಊರಿನ ಹುಡುಗಿಯರು ಕಾಲೇಜಿಗೆ ಹೋಗಬೇಕೆಂದರೆ ಮೂರು ಕಿಲೋಮೀಟರ್ ನಡೆದು ಮೇನ್ ರೋಡಿಗೆ ಬರಬೇಕು. ಅಲ್ಲಿ ಬರುವ ಬಸ್ಸಿನಲ್ಲಿ ಬಾಗಿಲ ತನಕ ಜನ ಇರುತ್ತಾರೆ, ಕೈ ಮಾಡಿದರೂ ನಿಲ್ಲಿಸಲ್ಲ. ಇಬ್ಬರು ಆಗಲೇ ಕಾಲೇಜು ಬಿಟ್ಟಿದ್ದಾರೆ. ಒಬ್ಬಳು ನನ್ನ ಚಿಕ್ಕಪ್ಪನ ಮಗಳು.

ಮನವಿ ಪತ್ರ ಕೊಟ್ಟು ಸಾಕಾಗಿ ಹೋದ ವಾರ ತಾಲ್ಲೂಕು ಕಚೇರಿ ಮುಂದೆ ಧರಣಿ ಕೂತೆವು. ನೂರಮೂವತ್ತು ಜನ ಇದ್ದೆವು, ಅರ್ಧಕ್ಕಿಂತ ಜಾಸ್ತಿ ಹೆಂಗಸರು. ಆಟೋ ಮೇಲೆ ಎರಡು ಹಾರ್ನ್ ಕಟ್ಟಿದ್ದೆವು. ಹತ್ತು ನಿಮಿಷ ಆಗಿರಲಿಲ್ಲ, ಪೊಲೀಸರು ಬಂದು ಪರ್ಮಿಷನ್ ಲೆಟರ್ ಕೇಳಿದರು. ಇರಲಿಲ್ಲ. ಮೈಕ್ ಆಫ್ ಮಾಡಿಸಿದರು. ಆಗ ಮಾತಾಡುತ್ತಿದ್ದವಳು ನಾನು. ಮೆಟ್ಟಿಲ ಮೇಲೆ ನಿಂತು ಹಾಗೇ ಕೂಗಿದೆ. ಮೊದಲ ಎರಡು ಸಾಲಿಗೆ ಕೇಳಿಸಿತು ಅಷ್ಟೇ. ಹಿಂದಿನವರಿಗೆ ಕೇಳದೆ ಅವರವರೇ ಮಾತಾಡಿಕೊಳ್ಳಲು ಶುರು ಮಾಡಿದರು, ಆ ಗದ್ದಲಕ್ಕೆ ನಾನು ಇನ್ನೂ ಜೋರಾಗಿ ಕೂಗಬೇಕಾಯಿತು. ಆರು ನಿಮಿಷಕ್ಕೆ ಗಂಟಲು ಹೋಯಿತು. ಸಾಹೇಬರ ಕೋಣೆಯ ಕಿಟಕಿ ಮುಚ್ಚಿತ್ತು.

ಮಾರನೇ ದಿನ ಒಂದು ಲೋಕಲ್ ಚಾನೆಲ್‌ನಲ್ಲಿ ಮೂವತ್ತು ಸೆಕೆಂಡ್ ಬಂತು. ಅದರಲ್ಲಿ 'ಬೇಕೇ ಬೇಕು, ನ್ಯಾಯ ಬೇಕು' ಮಾತ್ರ ಇತ್ತು. ಯಾವ ಬಸ್ಸು, ಯಾವ ಊರು, ಎಷ್ಟು ಹೊತ್ತಿನದು ಏನೂ ಇಲ್ಲ. ಕೆಳಗೆ ಕಾಮೆಂಟುಗಳಲ್ಲಿ 'ಏನು ಕಿರುಚಾಟ' ಅಂತ ನನ್ನ ಧ್ವನಿ ಬಗ್ಗೆಯೇ ಬರೆದಿದ್ದರು. ಅಮ್ಮ ಅದನ್ನು ನೋಡಿ ಇನ್ನು ಸಾಕು ಅನ್ನುತ್ತಿದ್ದಾರೆ.

ಇನ್ನು ಹದಿನೈದು ದಿನಕ್ಕೆ ಸೋಮವಾರ ಮತ್ತೆ ಸೇರುತ್ತಿದ್ದೇವೆ. ಪರ್ಮಿಷನ್ ಇಲ್ಲದೆ ಮೈಕ್ ಹಾಕಲೇಬಾರದಾ? ಮೈಕ್ ಇಲ್ಲದಿದ್ದರೆ ನೂರಾರು ಜನಕ್ಕೆ ಮಾತು ಮುಟ್ಟಿಸುವುದು ಹೇಗೆ? ನಮ್ಮ ಹುಡುಗರು ಕೆಲವರು ರಸ್ತೆ ಬಿಡೋಣ, ಇನ್‌ಸ್ಟಾಗ್ರಾಂನಲ್ಲಿ ಮಾಡೋಣ ಅಂತಿದ್ದಾರೆ. ಅನುಭವ ಇರುವವರು ಹೇಳಿ.

ಸೌಂಡ್ ಸರ್ವೀಸ್ 26 ವರ್ಷ

ಮೊದಲು ನಿಮ್ಮ ಧ್ವನಿ ವಿಷಯ. ತಂಗಿ, ನಾನು ಜಾತ್ರೆ, ನಾಟಕ, ಧರಣಿ ಎಲ್ಲದಕ್ಕೂ ಮೈಕ್ ಸೆಟ್ ಹಾಕಿದವನು. ಹಾರ್ನ್‌ನಲ್ಲಿ ದಪ್ಪ ಗಂಡು ಧ್ವನಿಗಿಂತ ಹೆಣ್ಣು ಧ್ವನಿ ಚೆನ್ನಾಗಿ ಬಿಡಿಸಿ ಕೇಳುತ್ತದೆ. ಹಾರ್ನ್ ಮಾಡಿರುವುದೇ ಹಾಗೆ, ತಗ್ಗಿನ ಶಬ್ದ ಅದರಲ್ಲಿ ಬರುವುದಿಲ್ಲ, ನಡುವಿನದು ಮತ್ತು ಅದಕ್ಕೂ ಸ್ವಲ್ಪ ಮೇಲಿನದು ಚೆನ್ನಾಗಿ ಬರುತ್ತದೆ. ಧ್ವನಿ ಕೀರಲಾಗುವುದು ಕೂಗಿದಾಗ. ಮೈಕಿಗೆ ಒಂದು ಗೇಣು ದೂರದಲ್ಲಿ, ಪಕ್ಕದ ಮನೆಯವರ ಹತ್ತಿರ ಮಾತಾಡುವಷ್ಟೇ ಜೋರಿನಲ್ಲಿ ಮಾತಾಡಿ. ಮಿಕ್ಕಿದ್ದು ಆಂಪ್ಲಿಫೈಯರ್ ಕೆಲಸ. ಆ ಕಾಮೆಂಟ್ ಹಾಕಿದವರ ಮಾತು ತಲೆಗೆ ಹಚ್ಚಿಕೊಳ್ಳಬೇಡಿ.

ಇನ್ನು ಮೈಕ್ ಇಲ್ಲದಾಗ. ಬಯಲಲ್ಲಿ ದೂರ ಎರಡು ಪಟ್ಟಾದರೆ ಶಬ್ದ 6 ಡೆಸಿಬಲ್ ಇಳಿಯುತ್ತದೆ. ನಿಮ್ಮಿಂದ ಐದು ಮೀಟರಿನಲ್ಲಿ ಕೂತವರಿಗಿಂತ ನಲವತ್ತು ಮೀಟರಿನಲ್ಲಿ ಕೂತವರಿಗೆ 18 ಡೆಸಿಬಲ್ ಕಡಿಮೆ. ಮುಂದೆ ಕೂತವರ ಮೈ, ಸೀರೆ, ಕೊಡೆ ಎಲ್ಲ ಇನ್ನಷ್ಟು ಹೀರಿಕೊಳ್ಳುತ್ತವೆ. ಅದನ್ನು ಗಂಟಲಿಂದ ತುಂಬಿಸಲು ಯಾರಿಗೂ ಆಗಲ್ಲ. ಅದಕ್ಕೆ ಜನರನ್ನು ಉದ್ದಕ್ಕೆ ಕೂರಿಸಬೇಡಿ, ಅರ್ಧ ಚಂದ್ರದ ಹಾಗೆ ಹತ್ತಿರ ಕೂರಿಸಿ. ನೀವು ಎತ್ತರದಲ್ಲಿ ನಿಂತು, ಬೆನ್ನ ಹಿಂದೆ ಗೋಡೆ ಇರುವ ಹಾಗೆ ನೋಡಿಕೊಳ್ಳಿ. ಗಾಳಿ ನಿಮ್ಮ ಕಡೆಯಿಂದ ಜನರ ಕಡೆಗೆ ಬೀಸಬೇಕು. ಎದುರುಗಾಳಿಯಾದರೆ ಜಾಗ ಬದಲಿಸಿ.

ಹಾರ್ನ್ ಕಟ್ಟಿದಾಗ ಅದರ ಬಾಯಿ ನಿಮ್ಮ ಮುಂದಕ್ಕೆ ಇರಲಿ, ಮೈಕ್ ಯಾವಾಗಲೂ ಹಾರ್ನಿನ ಹಿಂದೆ. ಇಲ್ಲದಿದ್ದರೆ ಕುಂಯ್ ಅಂತ ಕೂಗುತ್ತದೆ, ಜನ ಕಿವಿ ಮುಚ್ಚಿಕೊಂಡರೆ ಆಮೇಲೆ ಎಷ್ಟು ಹೇಳಿದರೂ ಕೇಳಲ್ಲ.

ತಾಲ್ಲೂಕು ವಕೀಲ

ಕಾನೂನು ಪ್ರಶ್ನೆಗೆ ಉತ್ತರ. ಶಬ್ದಮಾಲಿನ್ಯ ನಿಯಮಗಳು 2000 ಅಂತ ಇವೆ. ಅದರ ಪ್ರಕಾರ ಧ್ವನಿವರ್ಧಕ ಹಾಕಬೇಕಾದರೆ ಲಿಖಿತ ಅನುಮತಿ ಬೇಕು. ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಬಯಲಲ್ಲಿ ಹಾಕುವ ಹಾಗೇ ಇಲ್ಲ. ಆದ್ದರಿಂದ ಲೆಟರ್ ಕೇಳಿದ್ದು ತಪ್ಪಲ್ಲ. ಆದರೆ ಮೈಕ್ ಹಾಕಲು ಅನುಮತಿ ಬೇಕು ಅನ್ನುವುದು ಬೇರೆ, ಸೇರಲೇಬೇಡಿ ಅನ್ನುವುದು ಬೇರೆ. ಎಷ್ಟೋ ಕಡೆ ಎರಡನ್ನೂ ಸೇರಿಸಿ ಹೆದರಿಸುತ್ತಾರೆ. ಶಾಂತಿಯಿಂದ, ಆಯುಧ ಇಲ್ಲದೆ ಸೇರುವುದು ಸಂವಿಧಾನದ 19ನೇ ವಿಧಿ ಕೊಟ್ಟ ಹಕ್ಕು. ಅಹಮದಾಬಾದಿನಲ್ಲಿ ರಸ್ತೆಯಲ್ಲಿ ಸಭೆ ಮಾಡಲು ಅನುಮತಿ ಕೊಡದ ಒಂದು ಪ್ರಕರಣ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠದ ತನಕ ಹೋಯಿತು. 1972ರ ತೀರ್ಪು. ಸಭೆಗಳನ್ನು ನಿಯಂತ್ರಿಸಬಹುದು, ಆದರೆ ಅಧಿಕಾರಿ ತನಗೆ ತೋಚಿದ ಹಾಗೆ ಬೇಡ ಅನ್ನುವ ಅಧಿಕಾರ ಕೊಡುವಂತಿಲ್ಲ ಅಂತ ಆ ನಿಯಮವನ್ನೇ ಹೊಡೆದುಹಾಕಿದರು.

ನಾನು ಹೇಳಬೇಕಾದ ಮುಖ್ಯ ವಿಷಯ ಬೇರೆ ಇದೆ. ನಿಮ್ಮ ತಾಲ್ಲೂಕು ಕಚೇರಿ ಪಕ್ಕ ಕೋರ್ಟ್ ಇದೆಯಾ? ಆಸ್ಪತ್ರೆ? ಶಾಲೆ? ಇವುಗಳ ಸುತ್ತ 100 ಮೀಟರ್ ನಿಶ್ಶಬ್ದ ವಲಯ ಅಂತ ಸರ್ಕಾರ ಘೋಷಿಸಿರಬಹುದು. ಘೋಷಿಸಿದ್ದರೆ ಅಲ್ಲಿ ಹಾರ್ನ್ ಅಷ್ಟೇ ಅಲ್ಲ, ತಮಟೆ, ಡೋಲು ಹೊಡೆದರೂ ಕೇಸ್ ಹಾಕಬಹುದು. ನಮ್ಮ ಬಹಳ ತಾಲ್ಲೂಕುಗಳಲ್ಲಿ ಈ ಕಚೇರಿಗಳೆಲ್ಲ ಒಂದೇ ಕಾಂಪೌಂಡಿಗೆ ಅಂಟಿಕೊಂಡಿವೆ. ಅಳತೆ ಮಾಡಿಕೊಂಡು ಜಾಗ ಆರಿಸಿ.

ಅರ್ಜಿ ಒಂದು ವಾರ ಮುಂಚೆಯೇ ಕೊಡಿ. ದಿನ, ಹೊತ್ತು, ಜಾಗ, ಅಂದಾಜು ಜನ, ಎಷ್ಟು ಹಾರ್ನ್ ಎಲ್ಲ ಬರೆಯಿರಿ. ಎರಡು ಪ್ರತಿ ತೆಗೆದುಕೊಂಡು ಹೋಗಿ, ಒಂದರ ಮೇಲೆ ಸೀಲ್ ಹಾಕಿಸಿ ಸ್ವೀಕೃತಿ ತೆಗೆದುಕೊಳ್ಳಿ. ಆಗಲ್ಲ ಅಂತ ಬಾಯಲ್ಲಿ ಹೇಳಿದರೆ ಹಿಂಬರಹ ಕೊಡಿ ಅಂತ ಕೇಳಿ. ಕಾರಣ ಬರೆದುಕೊಡಬೇಕಾದಾಗ ಎಷ್ಟೋ ಸಲ ಅನುಮತಿಯೇ ಸಿಗುತ್ತದೆ.

ಸಾರುವವರ ಮೊಮ್ಮಗ

ತಮಟೆ ಮಾತು ಬಂತು ಅಂತ ಬರೆಯುತ್ತಿದ್ದೇನೆ.

ನಮ್ಮ ತಾತ ಊರಿಗೆ ಸಾರುವ ಕೆಲಸ ಮಾಡುತ್ತಿದ್ದರು. ಕಂದಾಯ ಕಟ್ಟಿ, ನಾಳೆ ಜಾತ್ರೆ, ಕೆರೆ ತೂಬು ಎತ್ತುತ್ತಾರೆ, ಇಂಥವು. ಮೊದಲು ಹುಲ್ಲಿಗೆ ಬೆಂಕಿ ಹಾಕಿ ತಮಟೆ ಕಾಯಿಸುತ್ತಿದ್ದರು. ಚರ್ಮ ಬಿಗಿಯಾಗಿದೆಯಾ ಅಂತ ಬೆರಳಿನಲ್ಲಿ ತಟ್ಟಿ ಕಿವಿ ಹತ್ತಿರ ಹಿಡಿದು ನೋಡುತ್ತಿದ್ದರು. ಆಮೇಲೆ ಬೀದಿ ಮೂಲೆಗೆ ಹೋಗಿ ಮೂರು ಸಲ ಹೊಡೆದು ನಿಲ್ಲಿಸುತ್ತಿದ್ದರು. ಎಲ್ಲ ಮನೆಯವರೂ ಸುಮ್ಮನಾಗುವ ತನಕ ಕಾಯುವುದು, ಆಮೇಲೆ ಹೇಳುವುದು. ಆ ಕಾಯುವುದು ಬಹಳ ಮುಖ್ಯ. ನಮ್ಮ ಈಗಿನ ಸಭೆಗಳಲ್ಲಿ ಅದನ್ನೇ ಮರೆತಿದ್ದೇವೆ, ಗದ್ದಲದ ಮೇಲೆ ಗದ್ದಲ ಹಾಕುತ್ತೇವೆ.

ಇನ್ನೊಂದನ್ನೂ ಹೇಳಲೇಬೇಕು. ತಾತ ಇಡೀ ಊರಿಗೆ ಕೇಳುವ ಹಾಗೆ ಕೂಗುತ್ತಿದ್ದರು, ಆದರೆ ಅದರಲ್ಲಿ ಅವರ ಸ್ವಂತ ಮಾತು ಒಂದೂ ಇರಲಿಲ್ಲ. ಅದೇ ಊರಲ್ಲಿ ಅವರು ಪಂಚಾಯ್ತಿ ಕಟ್ಟೆ ಹತ್ತುವ ಹಾಗಿರಲಿಲ್ಲ. ಎಪ್ಪತ್ತರ ದಶಕದಲ್ಲಿ ಭದ್ರಾವತಿಯ ಬಿ. ಕೃಷ್ಣಪ್ಪನವರು ಮತ್ತು ಜೊತೆಗಾರರು ದಲಿತ ಸಂಘರ್ಷ ಸಮಿತಿ ಕಟ್ಟಿದ ಮೇಲೆ ಎಷ್ಟೋ ಊರಲ್ಲಿ ನಮ್ಮ ಹುಡುಗರು ಊರಿಗಾಗಿ ತಮಟೆ ಹೊಡೆಯಲ್ಲ ಅಂದರು. ಅದಕ್ಕೆ ಏಟು ತಿಂದರು, ಬಹಿಷ್ಕಾರ ಅನುಭವಿಸಿದರು. ಮುಂದೆ ಅದೇ ತಮಟೆ ಜಾಥಾದ ಮುಂದೆ ಬಂತು, ಈ ಸಲ ಅವರ ಮಾತಿಗಾಗಿ.

ಆದ್ದರಿಂದ ನೀವು ತಮಟೆ ಕರೆಸುವುದಾದರೆ ಹೊಡೆಯುವವರಿಗೆ ದುಡ್ಡು ಕೊಡಿ, ಜೊತೆಗೆ ಅವರ ಕೇರಿಯ ಹುಡುಗಿಗೂ ಆ ಬಸ್ ಬೇಕಲ್ವಾ, ಅವಳನ್ನೂ ಮಾತಾಡಿಸಿ. ಬರೀ ಸದ್ದಿಗೆ ಕರೆಯಬೇಡಿ.

ಜರ್ಸಿ ಸಿಟಿ ಕನ್ನಡಿಗ

2011ರಲ್ಲಿ ನಾನು ನ್ಯೂಯಾರ್ಕಿನ ಮ್ಯಾನ್‌ಹಟನ್‌ನಲ್ಲಿ ಕೆಲಸ ಮಾಡುತ್ತಿದ್ದೆ. ಸೆಪ್ಟೆಂಬರ್‌ನಲ್ಲಿ ವಾಲ್ ಸ್ಟ್ರೀಟ್ ಹತ್ತಿರದ ಜುಕೋಟಿ ಪಾರ್ಕಿನಲ್ಲಿ ದೊಡ್ಡ ಬ್ಯಾಂಕು, ಶ್ರೀಮಂತರ ವಿರುದ್ಧ 'ಆಕ್ಯುಪೈ' ಚಳವಳಿ ಶುರುವಾಯಿತು. ಅಲ್ಲೂ ಇದೇ ತೊಂದರೆ. ಪರವಾನಗಿ ಇಲ್ಲದೆ ಧ್ವನಿವರ್ಧಕ ಹಾಕುವ ಹಾಗಿಲ್ಲ. ಅವರು ಮಾಡಿದ್ದು ಇಷ್ಟು: ಮಾತಾಡುವವರು ಮೂರ್ನಾಲ್ಕು ಪದ ಹೇಳಿ ನಿಲ್ಲಿಸುತ್ತಾರೆ. ಹತ್ತಿರ ಇರುವವರೆಲ್ಲ ಅದನ್ನೇ ಒಟ್ಟಿಗೆ ಹೇಳುತ್ತಾರೆ. ಜನ ಜಾಸ್ತಿ ಇದ್ದರೆ ಅವರ ಹಿಂದಿನವರು ಇನ್ನೊಮ್ಮೆ ಹೇಳುತ್ತಾರೆ. ಅಲೆ ಹೋದ ಹಾಗೆ ಮಾತು ಹಿಂದಕ್ಕೆ ಹೋಗುತ್ತದೆ. ಅದಕ್ಕೆ 'ಜನರ ಮೈಕ್' ಅಂತಲೇ ಹೆಸರು.

ಊಟದ ಬಿಡುವಿನಲ್ಲಿ ಹೋಗಿ ನಿಂತಿದ್ದೆ. ಒಬ್ಬ ವಯಸ್ಸಾದ ಹೆಂಗಸು ಮನೆ ಸಾಲದ ಬಗ್ಗೆ ಹೇಳುತ್ತಿದ್ದರು, ಬಹಳ ಸಣ್ಣ ಧ್ವನಿ. ಇನ್ನೂರು ಜನ ಅವರ ಮಾತನ್ನು 'ನಾನು' ಅಂತಲೇ ಹೇಳಬೇಕಿತ್ತು. ನಾನೂ ಹೇಳಿದೆ. ನನ್ನ ಬಾಯಲ್ಲಿ ಅವರ ಸಾಲ ಬಂದಾಗ ಆದ ಅನುಭವ ಇವತ್ತಿಗೂ ಮರೆತಿಲ್ಲ. ಕೊರತೆಯೂ ಇತ್ತು. ಎಲ್ಲಕ್ಕೂ ಎರಡು ಪಟ್ಟು ಹೊತ್ತು. ಉದ್ದದ ವಾದ ಮಾಡಲಾಗಲ್ಲ. ಒಪ್ಪದ ಮಾತನ್ನೂ ಹೇಳಬೇಕಾಗುತ್ತದೆ. ನವೆಂಬರ್ 15ರ ಬೆಳಗಿನ ಜಾವ ಪೊಲೀಸರು ಪಾರ್ಕ್ ಖಾಲಿ ಮಾಡಿಸಿದರು. ಆದರೆ ಆ ವಿಧಾನ ಬೇರೆ ಊರುಗಳಿಗೆ ಹರಡಿತು.

ಕನ್ನಡದಲ್ಲಿ ಮಾಡುವಾಗ ಒಂದು ಎಚ್ಚರ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಉದ್ದ ವಾಕ್ಯ ಮಾಡಿದರೆ ಏನಾಯಿತು ಅನ್ನುವುದು ಗೊತ್ತಾಗುವ ಹೊತ್ತಿಗೆ ಹಿಂದಿನವರಿಗೆ ಮೊದಲಿನದು ಮರೆತಿರುತ್ತದೆ. ಆದ್ದರಿಂದ ತುಂಡು ಮಾಡಿ, ಆದಷ್ಟು ಬೇಗ ವಾಕ್ಯ ಮುಗಿಸಿ.

ಹಳೇ ಬ್ಯಾಚ್

ಇಷ್ಟೆಲ್ಲ ಯಾಕೆ? ಈಗ ಎಲ್ಲರ ಕೈಯಲ್ಲೂ ಫೋನ್ ಇದೆ. ಒಂದು ಒಳ್ಳೆ ರೀಲ್ ಮಾಡಿ, ಲಕ್ಷ ಜನ ನೋಡುತ್ತಾರೆ. ರಸ್ತೆಯಲ್ಲಿ ಕೂತರೆ ಜನಕ್ಕೆ ತೊಂದರೆ, ಕೇಸ್ ಬೇರೆ. ಓದುವ ಹುಡುಗಿಯರಿಗೆ ಕೇಸ್ ಬೇಡ ಅನ್ನುವ ಕಾಳಜಿಯಿಂದ ಹೇಳುತ್ತಿದ್ದೇನೆ.

ಅಂಗನವಾಡಿ ಟೀಚರ್

ಕಾಳಜಿ ಅರ್ಥ ಆಗುತ್ತದೆ ಸರ್, ಆದರೆ ಒಪ್ಪಲ್ಲ. 2017ರ ಮಾರ್ಚ್‌ನಲ್ಲಿ ಗೌರವಧನ ಹೆಚ್ಚಿಸಿ ಅಂತ ಬೆಂಗಳೂರಿನ ಶೇಷಾದ್ರಿ ರಸ್ತೆಯಲ್ಲಿ ನಾಲ್ಕು ದಿನ ಕೂತವರಲ್ಲಿ ನಾನೂ ಒಬ್ಬಳು. ರಾತ್ರಿ ಡಾಂಬರಿನ ಮೇಲೇ ಮಲಗಿದೆವು. ಅದಕ್ಕೂ ಮುಂಚೆ ನಮ್ಮ ಪತ್ರಗಳು ಎಷ್ಟು ಹೋಗಿದ್ದವೋ ಲೆಕ್ಕ ಇಲ್ಲ. ರಸ್ತೆಯಲ್ಲಿ ಕಂಡ ಮೇಲೆಯೇ ಪೇಪರ್, ಟಿವಿ, ಸದನ ಎಲ್ಲ ಕಡೆ ನಮ್ಮ ವಿಷಯ ಬಂತು. ರಸ್ತೆ ಬಂದ್ ಆಗಿ ಜನರಿಗೆ ತೊಂದರೆ ಆಯಿತು, ನಿಜ. ಆಂಬುಲೆನ್ಸ್ ಬಂದಾಗ ಎದ್ದು ದಾರಿ ಮಾಡಿಕೊಡುತ್ತಿದ್ದೆವು.

ಈಗ ಬೆಂಗಳೂರಿನಲ್ಲಿ ಪ್ರತಿಭಟನೆ ಅಂದರೆ ಫ್ರೀಡಂ ಪಾರ್ಕ್ ಒಂದೇ. ಅದು ಹಳೇ ಸೆಂಟ್ರಲ್ ಜೈಲು, ತುರ್ತು ಪರಿಸ್ಥಿತಿಯಲ್ಲಿ ವಾಜಪೇಯಿ, ಆಡ್ವಾಣಿ ಅವರನ್ನೆಲ್ಲ ಇಟ್ಟಿದ್ದ ಜಾಗ. ಒಳಗೆ ಮೈಕ್ ಹಾಕಬಹುದು, ಶಾಮಿಯಾನ ಇರುತ್ತದೆ. ಆದರೆ ಪಕ್ಕದ ಪೆಂಡಾಲಿನಲ್ಲಿ ಇನ್ನೊಂದು ಸಂಘ, ಆ ಕಡೆ ಮತ್ತೊಂದು, ಎಲ್ಲರ ಹಾರ್ನೂ ಒಬ್ಬರಿಗೊಬ್ಬರು ಕೂಗಿಕೊಂಡಂತೆ. ಯಾರಿಗೆ ಹೇಳಬೇಕೋ ಅವರು ಆ ದಾರಿಯಲ್ಲಿ ಬರುವುದೇ ಇಲ್ಲ. ಅದಕ್ಕೇ ಹೇಳುತ್ತೇನೆ, ಧ್ವನಿ ಎಷ್ಟು ಜೋರು ಅನ್ನುವುದಕ್ಕಿಂತ ಯಾರ ಕಿವಿ ಹತ್ತಿರ ಅನ್ನುವುದು ನೋಡಿ.

ರೀಲ್ ಲಕ್ಷ ಜನ ನೋಡಬಹುದು. ಅವರಲ್ಲಿ ಡಿಪೋದವರು ಎಷ್ಟು ಜನ? ದೇವನಹಳ್ಳಿ ಕಡೆ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಯವರು 1,777 ಎಕರೆ ಭೂಮಿಗಾಗಿ ಮೂರು ವರ್ಷಕ್ಕೂ ಜಾಸ್ತಿ ಕೂತರು. ತಮ್ಮ ಊರಲ್ಲೇ ಕೂತರು, ಬೆಂಗಳೂರಿಗೂ ಬಂದರು. 2025ರ ಜುಲೈ 15ಕ್ಕೆ ಸರ್ಕಾರ ಭೂಸ್ವಾಧೀನ ಕೈಬಿಡುತ್ತೇವೆ ಅಂದಿತು. ಅಷ್ಟು ದಿನದಲ್ಲಿ ವಿಡಿಯೋಗಳೂ ಬಂದವು, ಸಹಾಯವೂ ಆಯಿತು. ಆದರೆ ದಿನಾ ಬಂದು ಕೂರುವ ಜನ ಇಲ್ಲದಿದ್ದರೆ ವಿಡಿಯೋ ಏನನ್ನು ತೋರಿಸಬೇಕಿತ್ತು?

ತಂಗಿ, ಗಂಟಲಿಗೆ ಬಿಸಿ ನೀರು ಇಟ್ಟುಕೊಳ್ಳಿ. ಘೋಷಣೆ ಒಬ್ಬರೇ ಕೂಗಬೇಡಿ, ಹತ್ತು ನಿಮಿಷಕ್ಕೊಬ್ಬರು ಬದಲಾಗಿ. ನಮ್ಮಲ್ಲಿ ಕಲಬುರ್ಗಿ ಕಡೆಯವರು ಶುರು ಮಾಡಿದರೆ ನಾವು ಮೈಸೂರು ಕಡೆಯವರು ಮುಂದುವರಿಸುತ್ತಿದ್ದೆವು. ಸುಸ್ತಾದಾಗ ಸೋಬಾನೆ ಧಾಟಿಯಲ್ಲಿ ನಮ್ಮ ಬೇಡಿಕೆ ಕಟ್ಟಿ ಹಾಡುತ್ತಿದ್ದೆವು. ಹಾಡಿದರೆ ಗಂಟಲು ಬೇಗ ಹೋಗಲ್ಲ. ಹಿಂದಿನ ಸಾಲಿನ ಅಜ್ಜಿಗೂ ಧಾಟಿ ಗೊತ್ತಿರುವುದರಿಂದ ಮಾತು ತಾನಾಗಿ ಹಿಡಿದುಕೊಳ್ಳುತ್ತಾರೆ.

ಟವರ್ ಇಲ್ಲದ ಊರು

ಫೋನ್ ಬಗ್ಗೆ ಎರಡು ಮಾತು. ಟೀಚರ್ ಹೇಳಿದ್ದು ಸರಿ, ಆದರೆ ಫೋನ್ ಬಿಡಬೇಡಿ. ಚಾನೆಲ್‌ನವರು ಮೂವತ್ತು ಸೆಕೆಂಡ್ ಹಾಕುವುದು ಗೊತ್ತಿದ್ದರೆ ಆ ಮೂವತ್ತು ಸೆಕೆಂಡ್ ನೀವೇ ಮಾಡಿಕೊಡಿ. ಊರ ಹೆಸರು, ಬಸ್ ಹೊತ್ತು, ಎಷ್ಟು ತಿಂಗಳಾಯಿತು, ಏನು ಬೇಕು. ವಿಡಿಯೋ ಶುರುವಿನಲ್ಲೇ ತಾರೀಖು ಹೇಳಿ, ಇಲ್ಲದಿದ್ದರೆ ಮುಂದಿನ ವರ್ಷ ಯಾರೋ ಬೇರೆ ಕಥೆ ಹಚ್ಚಿ ಹಾಕುತ್ತಾರೆ. ವಾಟ್ಸಾಪ್‌ನಲ್ಲಿ ಬಹಳ ಸಲ ಫಾರ್ವರ್ಡ್ ಆದ ಮೆಸೇಜನ್ನು 2020ರಿಂದ ಒಂದು ಸಲಕ್ಕೆ ಒಂದೇ ಚಾಟಿಗೆ ಕಳಿಸಲು ಆಗುವುದು. ಅದಕ್ಕೆ ಪ್ರತಿ ಊರಲ್ಲೂ ಒಬ್ಬರು ಸ್ವಂತ ಫೋನಿನಿಂದ ಹೊಸದಾಗಿ ಹಾಕಲಿ.

ಫೋನ್ ಒಂದನ್ನೇ ನಂಬಬೇಡಿ. 2019ರ ಡಿಸೆಂಬರ್‌ನಲ್ಲಿ ಮಂಗಳೂರಲ್ಲಿ ಮೊಬೈಲ್ ಇಂಟರ್ನೆಟ್ ನಿಲ್ಲಿಸಿದ್ದು ನೆನಪಿರಬಹುದು. ದೆಹಲಿ ಗಡಿಯಲ್ಲಿ ಧರಣಿ ಕೂತಿದ್ದ ರೈತರ ಫೇಸ್‌ಬುಕ್ ಪುಟ 2020ರ ಡಿಸೆಂಬರ್‌ನಲ್ಲಿ ಕೆಲವು ಗಂಟೆ ಮಾಯವಾಗಿತ್ತು, ಗಲಾಟೆಯಾದ ಮೇಲೆ ವಾಪಸ್ ಬಂತು. ಅಷ್ಟರಲ್ಲಿ ಅವರು 'ಟ್ರಾಲಿ ಟೈಮ್ಸ್' ಅಂತ ಸ್ವಂತ ಪತ್ರಿಕೆ ಅಚ್ಚು ಹಾಕಿ ಟ್ರ್ಯಾಕ್ಟರ್ ಟ್ರಾಲಿಗಳಿಗೆ ಹಂಚಲು ಶುರು ಮಾಡಿದ್ದರು. ನೀವೂ ಒಂದು ಪುಟದ ಕರಪತ್ರ ಮಾಡಿ. ಕೇಳಿಸದವರು ಓದುತ್ತಾರೆ.

ಕೊನೆ ಸ್ಟಾಪ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಟೇಪ್ ಹಿಡಿದು ಅಳೆದೆವು. ತಾಲ್ಲೂಕು ಕಚೇರಿ ಗೇಟಿನಿಂದ ಕೋರ್ಟ್ ಕಾಂಪೌಂಡಿಗೆ 60 ಮೀಟರ್! ಅಲ್ಲಿ ಕೂತಿದ್ದೇ ತಪ್ಪಾಗಿತ್ತು. ಡಿಪೋ ಇರುವುದು ಬಸ್ ಸ್ಟ್ಯಾಂಡ್ ಹಿಂದೆ, ಅಲ್ಲಿ ಹತ್ತಿರ ಶಾಲೆ ಆಸ್ಪತ್ರೆ ಏನೂ ಇಲ್ಲ. ನಮ್ಮ ಮಾತು ಕೇಳಬೇಕಾದವರೂ ಅಲ್ಲೇ ಇದ್ದಾರೆ. ಬಸ್ ಓಡಾಡಲು ದಾರಿ ಬಿಟ್ಟು ಪಕ್ಕದ ಖಾಲಿ ಜಾಗದಲ್ಲಿ ಕೂರುತ್ತೇವೆ. ಅರ್ಜಿ ಕೊಟ್ಟು ಸೀಲ್ ಹಾಕಿಸಿಕೊಂಡೆ. ಮೊದಲು ಬಾಯಲ್ಲೇ ನೋಡೋಣ ಅಂದರು. ಹಿಂಬರಹ ಕೇಳಿದ ಮೇಲೆ ಗುರುವಾರ ಬನ್ನಿ ಅಂದಿದ್ದಾರೆ.

ಈ ಸಲ ನಾನೊಬ್ಬಳೇ ಮಾತಾಡಲ್ಲ. ಕಾಲೇಜು ಬಿಟ್ಟ ನನ್ನ ತಂಗಿ ಒಪ್ಪಿದ್ದಾಳೆ, ಹೊಸಕೇರಿಯ ಒಬ್ಬ ಪಿಯುಸಿ ಹುಡುಗಿಯೂ ಬರುತ್ತಾಳೆ. ಅನುಮತಿ ಬರದಿದ್ದರೆ ಜನರ ಮೈಕ್. ನಿನ್ನೆ ಸಂಜೆ ದೇವಸ್ಥಾನದ ಅಂಗಳದಲ್ಲಿ ಪ್ರಾಕ್ಟೀಸ್ ಮಾಡಿದೆವು. ಭಜನೆಯಲ್ಲಿ ಹಿಂದೆ ಹೇಳಿ ಅಭ್ಯಾಸ ಇರುವುದರಿಂದ ಹೆಂಗಸರಿಗೆ ಎರಡೇ ನಿಮಿಷಕ್ಕೆ ಬಂತು. ತಂಗಿಯ ಮಾತು ಹೀಗೆ ತುಂಡು ಮಾಡಿದ್ದೇವೆ:

ನನ್ನ ಬಸ್ಸು / 7.40ರದು. / ನಾಲ್ಕು ತಿಂಗಳಿಂದ / ಅದು ಬಂದಿಲ್ಲ. / ನಾನು ಓದು ಬಿಟ್ಟೆ. / ನನಗೆ / ಓದಬೇಕು.

'ನಾನು ಓದು ಬಿಟ್ಟೆ' ಅಂತ ಎಲ್ಲರೂ ಒಟ್ಟಿಗೆ ಹೇಳಿದಾಗ ಅಮ್ಮನೂ ಹೇಳಿದರು. ಅಮ್ಮ ಏಳನೇ ಕ್ಲಾಸಿಗೆ ಬಿಟ್ಟವರು. ಸೋಮವಾರ ಬರುತ್ತೇನೆ ಅಂದಿದ್ದಾರೆ.

ಸೌಂಡ್ ಸರ್ವೀಸ್ ಅಣ್ಣ, ಒಂದು ಕೇಳುವುದಿತ್ತು. ಅಲ್ಲಿ ಒಂದು ಕಡೆ ತಗಡಿನ ಶೆಡ್ ಇದೆ. ಬಿಸಿಲಿಗೆ ಜನರನ್ನು ಅದರ ಕೆಳಗೆ ಕೂರಿಸಿದರೆ ಪರವಾಗಿಲ್ವಾ?

ಸೌಂಡ್ ಸರ್ವೀಸ್ 26 ವರ್ಷ

ತಗಡಿನ ಕೆಳಗೆ ಹಾರ್ನ್ ಬೇಡ, ಮಾತೆಲ್ಲ ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತದೆ. ಜನ ಶೆಡ್ಡಿನ ನೆರಳಲ್ಲಿ ಕೂರಲಿ, ಹಾರ್ನ್ ಹೊರಗೆ ಬಿದಿರಿಗೆ ಕಟ್ಟಿ, ಬಾಯಿ ಸ್ವಲ್ಪ ಕೆಳಕ್ಕೆ ಬಗ್ಗಿಸಿ. ಜನರ ಮೈಕ್ ಆದರೆ ಶೆಡ್ ಒಳಗೇ ಮಾಡಿ, ಅಲ್ಲಿ ಬರೀ ಧ್ವನಿಗೆ ತಗಡು ಸಹಾಯ ಮಾಡುತ್ತದೆ. ಒಂದು ತುಂಡು ಪೂರ್ತಿ ನಿಂತ ಮೇಲೆಯೇ ಮುಂದಿನದು ಹೇಳಲು ತಂಗಿಗೆ ಹೇಳಿ. ಬ್ಯಾಟರಿ ಹಿಂದಿನ ರಾತ್ರಿ ಪೂರ್ತಿ ಚಾರ್ಜ್ ಇರಲಿ.